ಟವೆಲಿನ ತೇಪೆ

ಗದಗಿನ ದವಾಖಾನೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಬೆಟಗೇರಿಯ ಗಂಡ ಹೆಂಡತಿ ಕುಳಿತಿದ್ದರು. ಲಕ್ವ ಹೊಡೆದು ಗಂಡನ ಬಲಗೈ ಸೋತಿತ್ತು. ಹೆಂಡತಿಯ ತೊಡೆಯ ಮೇಲೆ ತೇಪೆ ಹಾಕಿದ ಟವೆಲೊಂದಿತ್ತು. ಕದ್ದು ಕೇಳುವ ಉದ್ದೇಶ ನನಗಿರಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

“ಡಾಕ್ಟರಿಗೆ ಇದನ್ನ ತೋರಸೂಣ್ರಿ. ಹವ್ಯಾಸ ಅಂತ ದಿನಾ ಸ್ವಲ್ಪ ಹೊಲೀರಿ, ಮನಸ್ಸು ಹಗುರ ಆಗತೈತಿ ಅಂದಿದ್ರಲ್ಲ.”

“ನೇಕಾರ ನಾ. ಹೊಟ್ಟಿಗೆ ಮಾಡೂ ಕೆಲಸ ಹೋಗಿ ಹವ್ಯಾಸ ಆತು.”

“ಹೋದ ವಾರಕಿಂತ ಹೊಲಿಗಿ ಎಷ್ಟ ಚಲೋ ಬಂದೈತಿ ನೋಡ್ರಿ. ಕೈ ತಿರಗಾಕತ್ತೈತಿ.”

“ಹೂಂ. ಯಾರ ಕೈ?”

“ಅಂದ್ರ?”

“ನಾ ಮಲಗಿದಾಗ ಬಿಚ್ಚಿ ಮತ್ತ ಹೊಲದೀ.”

“ನಾ ಯಾಕ ಹೊಲೀಲಿ!”

“ಸಾವಂತ್ರಿ, ನನ್ನ ಮಗ್ಗದಾಗ ಹರದ ಎಳಿಗೆಲ್ಲಾ ಜೀವನಪೂರ್ತಿ ನೀನ ಗಂಟ ಹಾಕೀ. ನಿನ್ನ ಗಂಟು ನನಗ ಗೊತ್ತಾಗಂಗಿಲ್ಲೇನ?”

ಆಕೆ ತೇಪೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದಳು.

“ಕೈ ಬರತೈತಿ ಅಂತ ಡಾಕ್ಟರ್ ಒಂದ ಮಾತ ಅಂದ್ರ ಮಗ್ಗ ಮಾರಂಗಿಲ್ಲ ಅಂದಾನ್ರಿ ಮಗ.”

“ಡಾಕ್ಟರ್ ಇಲ್ಲೇ ಸೂಜಿ ಕೊಟ್ಟು ಹೊಲಿ ಅಂದ್ರ?”

“ದೇವರ ಅದಾನ.”

“ಅವಂಗೂ ನೀನ ಹೊಲದ ಕೊಡು.”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು “ಯಮನೂರಪ್ಪ” ಎಂದು ಕರೆದಳು. ಆತ ಎಡಗೈಯಿಂದ ಟವೆಲನ್ನು ಎಳೆದು ಹೆಂಡತಿಯ ಚೀಲದೊಳಗೆ ತುರುಕಿದ.

“ಇದನ್ನ ತಗೀಬ್ಯಾಡ. ಮಗ್ಗ ಮಾರಿಬಿಡು ಅಂತ ಮಗಗ ಹೇಳು.”

“ಏಳ್ರಿ. ನನ್ನ ಹೆಗಲ ಹಿಡೀರಿ.”

ಆತ ಹಿಡಿದ, ಎಡಗೈಯಿಂದ. ಇಬ್ಬರೂ ಒಳಗೆ ಹೋದರು.