ಒದಗಿಸತಕ್ಕದ್ದು

ಬಟ್ಟೆ ಅಂಗಡಿಯಲ್ಲಿ ಹನ್ನೊಂದು ವರ್ಷ ನಿಂತೇ ದುಡಿದ ಆಕೆಗೆ ಹೊಸ ಕಾನೂನಿನ ದೆಸೆಯಿಂದ ಹೋದ ತಿಂಗಳಷ್ಟೇ ಕೂರಲು ಒಂದು ಸ್ಟೂಲು ಸಿಕ್ಕಿತ್ತು. ಆ ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಪಕ್ಕದ ಸೀಟಿನಲ್ಲಿದ್ದ ಅಕ್ಕ-ತಮ್ಮನ ಮಾತು ಕಿವಿಗೆ ಬಿತ್ತು. ಅಕ್ಕ ಕಾನೂನು ಇಲಾಖೆಯಲ್ಲಿ ಟೈಪಿಸ್ಟ್ ಇರಬೇಕು.

"ಅಂಗಡಿಯವ್ರನ್ನ ನಿಲ್ಲಿಸಿ ದುಡಿಸೋದು ಸಾಕು ಅಂತ ಮಂತ್ರಿಗಳೇನೋ ಭಾಷಣದಲ್ಲಿ ಗುಡುಗಿದ್ರು. ಕಾನೂನಿನ ಕರಡಲ್ಲಿ ಬಂದಿದ್ದು ಮಾತ್ರ, 'ಅಂಗಡಿ ಮಾಲೀಕರು ಕೆಲಸಗಾರರಿಗೆ ಆಸನ ಒದಗಿಸಬಹುದು' ಅಂತ."

"ಸರಿಯಾಗೇ ಇದೆಯಲ್ಲಕ್ಕಾ?"

"ಏನ್ ಸರಿ? 'ಬಹುದು' ಅಂದ್ರೆ ಕೊಟ್ರೆ ಕೊಟ್ಟ, ಬಿಟ್ರೆ ಬಿಟ್ಟ. ಮಿಕ್ಕ ಸಾಲೆಲ್ಲ 'ತಕ್ಕದ್ದು' ಅಂತ ಮುಗೀತಿತ್ತು ನೋಡು, ನನ್ನ ಕೈ ತಾನಾಗೇ 'ಒದಗಿಸತಕ್ಕದ್ದು' ಅಂತ ಹೊಡೆದ್ಬಿಡ್ತು."

"ಅಯ್ಯಯ್ಯೋ! ಅಂದ್ರೆ ಕೊಡಲೇಬೇಕು ಅಂತಾಯ್ತು!"

"ಹೂಂ ಮತ್ತೆ. ಸಾಹೇಬರ ಹತ್ರ ಹೋಗಿ ತಪ್ಪಾಗಿದೆ ಸಾರ್ ಅಂದೆ. ಆ ಸಾಲನ್ನ ಇನ್ನೊಂದ್ಸಲ ಓದಿದ್ರು. 'ಇದೇ ಇರ್ಲಿ ಕಣಮ್ಮ, ಮಂತ್ರಿಗಳಿಗೆ ನಾನು ಹೇಳ್ತೀನಿ' ಅಂದ್ರು."

"ಸದನದಲ್ಲಿ?"

"ಮಂತ್ರಿಗಳೇ ಗಟ್ಟಿಯಾಗಿ ಓದಿದ್ರು ಕಣೋ. ಅಷ್ಟೂ ಜನ ಕೈ ಎತ್ತಿದ್ರು. ನನಗೆ ಮೈ ಜುಮ್ಮಂತು."

ಅವರ ಸ್ಟಾಪು ಬಂತು. ಏಳುತ್ತಾ ಅಕ್ಕ ಆಕೆಯತ್ತ ತಿರುಗಿ, "ಬನ್ನಿ, ಕೂತ್ಕೊಳ್ಳಿ" ಎಂದಳು.

ಆಗಲೇ ಒಂದು ಸಲ ಕೂರಿಸಿದ್ದೀರಲ್ಲ ತಾಯಿ, ಎನ್ನಬೇಕೆಂದುಕೊಂಡಳು ಅಂಗಡಿಯಾಕೆ. ಅಷ್ಟರಲ್ಲಿ ಅಕ್ಕ-ತಮ್ಮ ಇಳಿದಾಗಿತ್ತು; ಆಕೆ ಆ ಸೀಟಿನಲ್ಲಿ ಕೂತಳು.