ಸಾಹುಕಾರನ ಹೊಗೆ ಇಳಿದ ಊರು

ಪ್ರಸಾದ ಉಂಡು ಪ್ರವಚನಕ್ಕೆ ಕೂತವರೇ, ಕಸ ಸುಟ್ಟರೆ ಮುಗಿಯಿತು ಅನ್ನುತ್ತೀರಲ್ಲ, ಏನು ಮುಗಿಯಿತು? ನೋಡಿ, ಒಬ್ಬ ಸಾಹುಕಾರನೂ ಹಾಗೇ ಅಂದುಕೊಂಡಿದ್ದ. ತನ್ನೂರಿನ ಹೊರಗೆ ಹಳೆಯ ಟೈರು ಸುಟ್ಟು ಎಣ್ಣೆ ತೆಗೆಯುವ ಭಟ್ಟಿ ಹಾಕಿದ್ದ. ಹಗಲೆಲ್ಲ ಕರಿ ಹೊಗೆ. ಒಣಹಾಕಿದ ಬಟ್ಟೆಯ ಮೇಲೆ ಮಸಿ, ರೊಟ್ಟಿಯ ಮೇಲೆ ಮಸಿ, ಮಕ್ಕಳು ಉಗುಳಿದರೆ ಉಗುಳಿನಲ್ಲೂ ಮಸಿ.

ಬಳೆ ಮಾರುವ ಗುರುಸಿದ್ದವ್ವ ಎಂಬಾಕೆ ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಭಟ್ಟಿಯ ಬಾಗಿಲಿಗೆ ಕೂತಳು. ಸಾಹುಕಾರ ಜಗಳಾಡಲಿಲ್ಲ. ಚಿಮಣಿಯನ್ನು ತೆಂಗಿನ ಮರಕ್ಕಿಂತ ಎತ್ತರಕ್ಕೆ ಏರಿಸಿದ. ಊರಲ್ಲಿ ಮಸಿ ನಿಂತಿತು. ಹೊಗೆ ಆಕಾಶದಲ್ಲಿ ಕರಗಿಹೋಯಿತು ಎಂದ. ಹೆಂಗಸರು ನಂಬಿ ಎದ್ದು ಮನೆಗೆ ಹೋದರು.

ಕರಗಿತೇ? ಟೈರಿನ ತೂಕ, ಅದರ ಜೊತೆ ಉರಿದ ಗಾಳಿಯ ತೂಕ, ಎರಡೂ ಸೇರಿ ಎಷ್ಟೋ, ಹೊರಗೆ ಬಂದ ಎಣ್ಣೆ, ಬೂದಿ, ಹೊಗೆ ಎಲ್ಲ ಸೇರಿ ಅಷ್ಟೇ. ಒಂದು ಗುಲಗಂಜಿಯಷ್ಟೂ ಇಲ್ಲವಾಗುವುದಿಲ್ಲ. ಇಲ್ಲವಾಗದ್ದು ಎಲ್ಲಾದರೂ ಇಳಿಯಲೇಬೇಕಲ್ಲ?

ಗಾಳಿ ಬೀಸುವ ದಿಕ್ಕಿನ ಮುಂದಿನ ಊರಿನಲ್ಲಿ ಇಳಿಯಿತು. ಸಾಹುಕಾರ ತನ್ನ ಮಗಳು ಮಹಾನಂದಾಳನ್ನು ಕೊಟ್ಟದ್ದು ಅದೇ ಊರಿಗೆ. ಅವಳ ಹಸುಗೂಸು ಕೆಮ್ಮಿ ಕೆಮ್ಮಿ ಹಾಲು ಕುಡಿಯುವುದನ್ನೇ ಬಿಟ್ಟಿತು. ತವರಿಗೆ ಬಾ, ಇಲ್ಲಿ ಗಾಳಿ ಚೊಕ್ಕವಾಗಿದೆ ಎಂದು ಅಪ್ಪ ಹೇಳಿಕಳಿಸಿದ. ಬಂದಳು. ಮನೆಗೆ ಹೋಗಲಿಲ್ಲ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಭಟ್ಟಿಯ ಬಾಗಿಲಿಗೆ ಅಡ್ಡ ಕೂತಳು.

ಸಾಹುಕಾರ ಓಡಿಬಂದ. ಮರ್ಯಾದೆ ಹೋಗುತ್ತದೆ, ಒಳಗೆ ನಡಿ ಎಂದು ಬೇಡಿಕೊಂಡ.

"ಅಪ್ಪಾ, ನಿನ್ನ ಹೊಗಿ ಎಲ್ಲೂ ಹೋಗಿಲ್ಲ. ಈ ಕೂಸಿನ ಎದಿಯಾಗ ಐತಿ. ಭಟ್ಟಿ ಆರೂತನಕ ಇಲ್ಲಿಂದ ಏಳಂಗಿಲ್ಲ," ಎಂದಳು.

ಗುರುಸಿದ್ದವ್ವ ತಲೆತಗ್ಗಿಸಿಕೊಂಡು ಬಂದು ಅವಳ ಪಕ್ಕದಲ್ಲಿ ಕೂತಳು. ಹಿಂದೆಯೇ ಉಳಿದ ಹೆಂಗಸರು. ಸಂಜೆಗೆ ಸಾಹುಕಾರ ತಾನೇ ನಿಂತು ಬೆಂಕಿ ಆರಿಸಿದ. ಕೂಸು ಬದುಕಿತು. ಉಬ್ಬಸ ಮಾತ್ರ ಉಳಿಯಿತು.

ಈಗ ಸಾಹುಕಾರನನ್ನು ಬೈದುಕೊಂಡು ಮನೆಗೆ ಹೋಗಬೇಡಿ. ಆ ಹೆಂಗಸರು ಮೊದಲ ಸಲ ಬಾಗಿಲಿನಿಂದ ಎದ್ದು ಹೋದದ್ದು ಯಾಕೆ? ತಮ್ಮ ರೊಟ್ಟಿ ಬೆಳ್ಳಗಾಯಿತೆಂದು. ನಾವು ಬೇರೆಯೇ? ನೀವು ಪ್ರಸಾದ ಉಂಡ ಪ್ಲಾಸ್ಟಿಕ್ ತಟ್ಟೆಗಳನ್ನು ಈ ಗುಡಿಯ ಹಿತ್ತಿಲಲ್ಲಿ ಒಟ್ಟಿ, ಮೇಲೆ ಕಡ್ಡಿಪೆಟ್ಟಿಗೆ ಇಟ್ಟಿದ್ದೀರಿ. ನಾನು ನೋಡಿಯೇ ಬಂದೆ. ಗೋಡೆಯಾಚೆ ಒಬ್ಬ ಬಾಣಂತಿ ಮಲಗಿದ್ದಾಳೆ.

ಕಡ್ಡಿ ಗೀರಲು ಬಿಡುವುದಿಲ್ಲ. ಇವತ್ತು ಆ ತಟ್ಟೆ ತೊಳೆದು ಮೂಟೆ ಕಟ್ಟಿ, ಗುಜರಿಯವನಿಗೆ ಕೊಡಿ. ನಾಳೆಯಿಂದ ಮನೆಯ ತಟ್ಟೆ ತನ್ನಿ. ಮರೆತವರು ಅಂಗೈಯಲ್ಲಿ ಪ್ರಸಾದ ತಗೊಳ್ಳಿ. ಇದು ಆಗದ ಮಾತು ಅನ್ನುವವರು ಬೇರೆ ಸ್ವಾಮಿಯನ್ನು ಕರೆಸಿಕೊಳ್ಳಿ. ನಾನು ಹಿತ್ತಿಲಲ್ಲಿ ಕೂತಿರುತ್ತೇನೆ, ಆ ರಾಶಿಯ ಮೇಲೆ.