ಅಕ್ಕ ಕೇಳಿದ ಫ್ರೀ

ಇಂಗ್ಲಿಷಿನ ಒಂದು ಮಾತು ನಮ್ಮೆಲ್ಲರ ಬಾಯಲ್ಲೂ ಇದೆ. ಫ್ರೀ. ಕಾಸು ಕೊಡದೆ ಬಂದರೆ ಫ್ರೀ, ಕೈಯಲ್ಲಿ ಕೆಲಸವಿಲ್ಲದಿದ್ದರೆ ಫ್ರೀ, ಸಂಕೋಚವಿಲ್ಲದೆ ಮಾತಾಡಿದರೆ ಅದೂ ಫ್ರೀ. ನೋಡಿ, ಇದರಲ್ಲಿ ಯಾವುದರ ಹಿಂದೆ ನಾವು ಓಡುತ್ತೇವೆ? ನಗುತ್ತಿದ್ದೀರಿ, ಅಂದರೆ ಗೊತ್ತಿದೆ!

ಗದಗಿನ ಕಡೆ ಒಂದೂರು. ಅಲ್ಲಿ ಚನ್ನವೀರಪ್ಪ ಎಂಬ ಶ್ರೀಮಂತ ಪಾತ್ರೆ ಅಂಗಡಿ ಇಟ್ಟಿದ್ದ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಅಕ್ಕ ಗುರುಶಾಂತವ್ವ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಅವನನ್ನು ಬೆಳೆಸಿದವಳು. ಆ ಅಕ್ಕ ಪಕ್ಕದ ಹಳ್ಳಿಯಿಂದ ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿದಳು.

"ತಮ್ಮಾ, ಶುಕ್ರವಾರ ಫ್ರೀ ಅದೀಯೇನೋ?"

"ಇಲ್ಲ ಬಿಡಕ್ಕ, ಫ್ರೀ ಇಲ್ಲ."

ಮೂರು ಸಲವೂ ಅದೇ ಉತ್ತರ. ಯಾಕೆ ಅಂತ ಕೇಳಿದನೇ? ಕೇಳಲಿಲ್ಲ. ಅವಳು ಹೇಳುವಷ್ಟರಲ್ಲಿ ಫೋನು ಕಟ್!

ಶುಕ್ರವಾರ ಬೆಳಿಗ್ಗೆ ಅಕ್ಕ ಅಂಗಡಿಗೇ ಬಂದಳು. ಬಾಗಿಲಲ್ಲಿ ಬೋರ್ಡು: ದೊಡ್ಡ ಕುಕ್ಕರ್ ಕೊಂಡರೆ ಒಂದು ವಸ್ತು ಫ್ರೀ. ಅಕ್ಕ ಕುಕ್ಕರ್ ಕೊಂಡಳು.

"ಫ್ರೀ ಏನ್ ಕೊಡ್ಲಿ ಅವ್ವಾರ? ಬೋಗುಣಿನೋ, ತಾಟೋ?" ಅಂಗಡಿಯ ಕೆಲಸದಾಕೆ ಕೇಳಿದಳು.

"ಎರಡೂ ಬ್ಯಾಡವ್ವ. ಗಲ್ಲಾದ ಮುಂದ ಕುಂತಾನಲ್ಲ, ಅವನ್ನ ಕೊಡು. ಸಂಜೀತನಕ ಸಾಕು."

ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು. ಚನ್ನವೀರಪ್ಪನ ಮುಖ ಕೆಂಪಾಯಿತು. "ಏನ್ ಐತಕ್ಕ ಇವತ್ತ?"

"ಎಸ್ಸೆಸ್ಸೆಲ್ಸಿ ಪಾಸಾಗೀನೋ, ಐವತ್ತೆಂಟನೇ ವಯಸ್ಸಿಗೆ! ಸಾಲ್ಯಾಗ ಶಾಲು ಹೊದಸ್ತಾರ. ನಿಮ್ಮ ಕಡೆಯವ್ರು ಯಾರ್ ಬಂದಾರ ಅಂತ ಕೇಳಿದ್ರ, ಯಾರನ್ನ ತೋರಸ್ಲಿ?"

ಚನ್ನವೀರಪ್ಪ ತುಂಬಿದ ಅಂಗಡಿಯನ್ನೊಮ್ಮೆ ನೋಡಿದ. ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಇದನ್ನ ನಾಳೆ ಒಯ್ತೀನ್ರಿ. ಮೊದ್ಲು ಹೋಗ್ರಿ ನೀವು!"

ಹೋದ. ಶಾಲೆಯ ಅಂಗಳದಲ್ಲಿ ಅಕ್ಕನ ಹೆಸರು ಕೂಗಿದಾಗ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಅವನೇ. ನಡುನಡುವೆ ಕಣ್ಣೊರೆಸಿಕೊಂಡ. ಆಮೇಲೆ ಅಕ್ಕನ ಮನೆಯಲ್ಲಿ ಗೋಧಿ ಹುಗ್ಗಿ ಉಂಡು, ಚಿಕ್ಕಂದಿನಲ್ಲಿ ಅವಳು ಎತ್ತಿಟ್ಟುಕೊಂಡಿದ್ದ ಶಾಲೆಯ ಪಾಟಿ ಒಡೆದು ಹಾಸಿಗೆಯಲ್ಲಿ ಬಚ್ಚಿಟ್ಟದ್ದನ್ನು ಒಪ್ಪಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟು ವರ್ಷದ ಮೇಲೆ ಹಾಗೆ ಫ್ರೀಯಾಗಿ ನಕ್ಕನೋ!

ಈಗ ನಮ್ಮ ಕಡೆ ತಿರುಗೋಣ. ಬೋರ್ಡಿನ ಮೇಲೆ ಫ್ರೀ ಅಂತ ಕಂಡರೆ ಸಾಲು ನಿಲ್ಲುತ್ತೇವೆ. ನಮ್ಮವರು ಫ್ರೀ ಇದ್ದೀಯಾ ಅಂದರೆ ಗಡಿಯಾರ ನೋಡುತ್ತೇವೆ. ಅವರಿಗೆ ಹೇಳುವುದೇನೋ ಇರುತ್ತದೆ, ತಾಯಂದಿರೇ, ಅಣ್ಣಂದಿರೇ! ಏನು ವಿಶೇಷ ಅಂತ ಮೊದಲು ಒಂದು ಮಾತು ಕೇಳಿ. ಕೇಳಿದ ಮೇಲೆ ಇಲ್ಲ ಅನ್ನಲು ಬಾಯಿ ಬರುತ್ತದೆಯೇ ನೋಡೋಣ. ಈ ವಾರ ಯಾರಿಗೆ ಫ್ರೀ ಇಲ್ಲ ಅಂದಿದ್ದೀರೋ, ಈ ಪ್ರವಚನ ಮುಗಿದು ಪ್ರಸಾದಕ್ಕೆ ಏಳುವ ಮುಂಚೆ ಅವರಿಗೆ ಫೋನ್ ಹಚ್ಚಿ. ನಾನು ಕಾಯುತ್ತೇನೆ.

ಹೂಂ, ತೆಗೀರಿ ಫೋನು!